ಒಂದು ಕಾಳು ಕಮ್ಮಿ: 18446744073709551615ರ ಒಳಗೆ ಏನಿದೆ?

ಪುಷ್ಯ ಮಳೆ ಬಿಡದೆ ಹೊಯ್ಯುತ್ತಿತ್ತು. ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಬೆಳಗ್ಗೆಯಿಂದ ಕರೆಂಟ್ ಇರಲಿಲ್ಲ. ಏಳನೇ ಕ್ಲಾಸಿನ ಅಣ್ಣನ ಮಗಳು ಜಗಲಿಯಲ್ಲಿ ಚೆಸ್ ಬೋರ್ಡ್ ಹರಡಿಕೊಂಡು, ಪಕ್ಕದಲ್ಲಿ ಒಂದು ಸೇರು ಅಕ್ಕಿ ಇಟ್ಟುಕೊಂಡು ಕೂತಿದ್ದಳು. ಚೆಸ್ ಕಂಡುಹಿಡಿದವನು ರಾಜನ ಹತ್ತಿರ ಬಹುಮಾನ ಕೇಳಿದ ಕಥೆ ನಿಮಗೂ ಗೊತ್ತಿರುತ್ತದೆ, ಅಲ್ವಾ? ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಪ್ರತಿ ಮನೆಗೂ ಹಿಂದಿನ ಮನೆಯ ಎರಡರಷ್ಟು, 64 ಮನೆ ತುಂಬುವ ತನಕ. ಅವಳು ಅದನ್ನು ನಿಜವಾಗಿ ಇಟ್ಟು ನೋಡಲು ಹೊರಟಿದ್ದಳು. ಎಂಟನೇ ಮನೆಗೆ 128 ಕಾಳು ಬೇಕು. ಅಷ್ಟನ್ನು ಇಡುವಷ್ಟರಲ್ಲಿ ಅಕ್ಕಪಕ್ಕದ ಮನೆಗೆಲ್ಲ ಚೆಲ್ಲಿತು. ಆಮೇಲೆ ಅಕ್ಕಿ ಬಿಟ್ಟು ಮೊಬೈಲ್ ಕೈಗೆತ್ತಿಕೊಂಡಳು.

“ಚಿಕ್ಕಪ್ಪ, ಇಲ್ನೋಡು. 1.8446744 ಅಂತ ಬಂದು ಕೊನೇಲಿ ಇ19 ಅಂತಿದೆ. ಲೆಕ್ಕದೊಳಗೆ ಅಕ್ಷರ ಯಾಕೆ ಬಂತು?”

ಪರದೆಯಲ್ಲಿ ಜಾಗ ಸಾಲದಿದ್ದಾಗ ಕ್ಯಾಲ್ಕುಲೇಟರ್ ಹೀಗೆ ಬರೆಯುತ್ತದೆ, ಚುಕ್ಕಿಯನ್ನು ಬಲಕ್ಕೆ 19 ಸ್ಥಾನ ಸರಿಸಿಕೋ ಅಂತ ಅದರ ಅರ್ಥ ಎಂದೆ. “ಹಾಗಾದ್ರೆ ಬಾಕಿ ಅಂಕಿ ಎಲ್ಲಿ ಹೋದ್ವು?” ಎಂದಳು. ಅದಕ್ಕೆ ಹಳೇ ಕ್ಯಾಲೆಂಡರ್ ಹಾಳೆ ತಿರುಗಿಸಿ ಪೆನ್ಸಿಲಿನಲ್ಲಿ ಎರಡೆರಡರಿಂದ ಗುಣಿಸುತ್ತಾ ಹೋದೆವು. ಒಂದೂವರೆ ಹಾಳೆ ಹಿಡಿಯಿತು. ಬಂದದ್ದು ಇದು:

18446744073709551615

ನಮ್ಮ ರೀತಿಯಲ್ಲಿ ಓದಿದರೆ 1 ಲಕ್ಷ 84 ಸಾವಿರದ 467 ಕೋಟಿ ಕೋಟಿ, ಅದರ ಮೇಲೆ 44 ಲಕ್ಷ 7 ಸಾವಿರದ 370 ಕೋಟಿ, ಅದರ ಮೇಲೆ 95 ಲಕ್ಷ 51 ಸಾವಿರದ 615. ಇದು ದೊಡ್ಡದು ಅನ್ನುವುದನ್ನು ಎಲ್ಲರೂ ಹೇಳುತ್ತಾರೆ, ಕಥೆಯೂ ಅಲ್ಲಿಗೇ ಮುಗಿಯುತ್ತದೆ. ನನಗೆ ಮಾತ್ರ ಈ ಸಂಖ್ಯೆ ಇಷ್ಟವಾಗುವುದು ಅದರ ಗಾತ್ರಕ್ಕಲ್ಲ, ಅದು ಒಡೆಯುವ ರೀತಿಗೆ. ಅದನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಮೊದಲು ಗಾತ್ರದ ಮಾತು ಮುಗಿಸಿಬಿಡೋಣ.

ಅತ್ತಿಗೆಯ ಅಡುಗೆಮನೆಯಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಸಾವಿರ ಕಾಳು ಎಣಿಸಿ ಅದರ ಮೇಲೆ ಸುರಿದೆವು, 20 ಗ್ರಾಂ ತೋರಿಸಿತು. ಅಂದರೆ ಕೇಜಿಗೆ 50 ಸಾವಿರ ಕಾಳು, ಟನ್ನಿಗೆ 5 ಕೋಟಿ. ಈಗ ಬೋರ್ಡಿನ ಮೇಲೆ ಸಾಲು ಸಾಲಾಗಿ ನೋಡಿ. ಮೊದಲ ಸಾಲು ಮುಗಿದಾಗ 255 ಕಾಳು, ಐದು ಗ್ರಾಂ, ಒಂದು ಚಮಚ. ಎರಡನೇ ಸಾಲು ಮುಗಿದಾಗ 65,535 ಕಾಳು, ಒಂದೂಕಾಲು ಕೇಜಿಗಿಂತ ಸ್ವಲ್ಪ ಮೇಲೆ. ಮೂರನೇ ಸಾಲಿಗೆ ಮೂರು ಕ್ವಿಂಟಲ್ ದಾಟುತ್ತದೆ. ನಾಲ್ಕನೇ ಸಾಲಿಗೆ, ಅಂದರೆ ಅರ್ಧ ಬೋರ್ಡಿಗೆ, 429 ಕೋಟಿ 49 ಲಕ್ಷ 67 ಸಾವಿರದ 295 ಕಾಳು, ಸುಮಾರು 86 ಟನ್. ಹತ್ತು ಟನ್ನಿನ ಒಂಬತ್ತು ಲಾರಿ ಬಂದರೆ ಸಾಕು, ಒಂದು ಅಕ್ಕಿ ಗಿರಣಿಯವರು ಕೊಡಬಹುದಾದ ಅಕ್ಕಿ ಅದು. ರಾಜ ಇಲ್ಲಿಯ ತನಕ ನಿಶ್ಚಿಂತೆಯಿಂದ ಇದ್ದಿರಬೇಕು.

ಉಳಿದರ್ಧ ಬೋರ್ಡು ಮುಗಿಯುವಾಗ ಒಟ್ಟು 36,893 ಕೋಟಿ ಟನ್. ಇಡೀ ಪ್ರಪಂಚ ಈಗ ಒಂದು ವರ್ಷಕ್ಕೆ ಬೆಳೆಯುವ ಅಕ್ಕಿ ಸುಮಾರು 50 ಕೋಟಿ ಟನ್. ಹಾಗಾಗಿ ಜಗತ್ತಿನ ಎಲ್ಲ ಗದ್ದೆಗಳೂ ಸೇರಿ ಏಳುನೂರು ವರ್ಷ ಬೆಳೆಯಬೇಕು. ಇನ್ನೊಂದು ರೀತಿ ಹೇಳುತ್ತೇನೆ. ಶಿವಮೊಗ್ಗ ಜಿಲ್ಲೆಯ ವಿಸ್ತೀರ್ಣ ಸುಮಾರು 8,500 ಚದರ ಕಿಲೋಮೀಟರ್. ಕಾಡು, ತೋಟ, ಪೇಟೆ, ಹಿನ್ನೀರು ಎಲ್ಲ ಸೇರಿಸಿ ಇಡೀ ಜಿಲ್ಲೆಯ ಮೇಲೆ ಆ ಅಕ್ಕಿಯನ್ನು ಸಮನಾಗಿ ಹರಡಿದರೆ ಹೆಚ್ಚುಕಮ್ಮಿ 54 ಮೀಟರ್ ಎತ್ತರ ನಿಲ್ಲುತ್ತದೆ. ಎತ್ತರದ ಅಡಿಕೆ ಮರಗಳನ್ನು ಒಂದರ ಮೇಲೊಂದು ಮೂರು ನಿಲ್ಲಿಸಿದಷ್ಟು. ಈ ಮೊತ್ತವನ್ನು ಸಾವಿರ ವರ್ಷದ ಹಿಂದೆಯೇ ಮಧ್ಯ ಏಷ್ಯಾದ ವಿದ್ವಾಂಸ ಅಲ್-ಬಿರೂನಿ ಲೆಕ್ಕ ಹಾಕಿ ಬರೆದಿಟ್ಟಿದ್ದ, ಯಾವ ಯಂತ್ರವೂ ಇಲ್ಲದೆ.

ಗಾತ್ರ ಇಷ್ಟು ಸಾಕು.

ಇನ್ನೊಂದು ಸಣ್ಣ ವಿಷಯ ತಿಳಿದರೆ ಮುಂದಿನದು ಸುಲಭ. ನಾವು ಹಾಳೆಯಲ್ಲಿ 64 ಸಂಖ್ಯೆಗಳನ್ನು ಕೂಡಲೇ ಇಲ್ಲ, ಕೂಡುವ ಅಗತ್ಯವೇ ಇಲ್ಲ. ನಮ್ಮ ಕಡೆ ಹಿಂದೆ ಕಣದಲ್ಲಿ ಕೊಳಗದಿಂದ ಭತ್ತ ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನದೆ “ಲಾಭ” ಅನ್ನುತ್ತಿದ್ದರು, ಆಮೇಲೆ ಎರಡು, ಮೂರು. ಹಾಗೇ ಇಲ್ಲೂ ಬೋರ್ಡಿನ ಹೊರಗೆ ಲಾಭ ಅಂತ ಒಂದು ಕಾಳು ಇಡಿ. ಅದನ್ನು ಮೊದಲ ಮನೆಯ ಒಂದು ಕಾಳಿಗೆ ಸೇರಿಸಿ, ಎರಡಾಯಿತು. ಎರಡನೇ ಮನೆಯಲ್ಲಿ ಇರುವುದೂ ಎರಡೇ, ಸೇರಿಸಿದರೆ ನಾಲ್ಕು. ಮೂರನೇ ಮನೆಯಲ್ಲೂ ನಾಲ್ಕೇ, ಸೇರಿಸಿದರೆ ಎಂಟು. ಹೀಗೆ ರಾಶಿ ಮುಂದೆ ಮುಂದೆ ಹೋಗುತ್ತಾ ಪ್ರತಿ ಸಲ ಸರಿಯಾಗಿ ದುಪ್ಪಟ್ಟಾಗುತ್ತದೆ. ಕೊನೆಗೆ ಇಡೀ ಬೋರ್ಡು ಸೇರಿ, ಇಲ್ಲದ 65ನೇ ಮನೆಗೆ ಬೇಕಾಗುವಷ್ಟು ಆಗುತ್ತದೆ, ಅಂದರೆ 2ರ 64ನೇ ಘಾತ, 64 ಎರಡುಗಳನ್ನು ಒಂದಕ್ಕೊಂದು ಗುಣಿಸಿದ್ದು. ಹೊರಗಿಂದ ತಂದ ಕಾಳು ವಾಪಸ್ ತೆಗೆದರೆ ನಮ್ಮ ಸಂಖ್ಯೆ. ಅದು 2ರ 64ನೇ ಘಾತಕ್ಕೆ ಒಂದು ಕಾಳು ಕಮ್ಮಿ.

ಆ ಒಂದು ಕಾಳೇ ಎಲ್ಲ ವ್ಯತ್ಯಾಸ ಮಾಡುವುದು. ಅದು ಇದ್ದಾಗ ಸಂಖ್ಯೆ 18446744073709551616. ಅದನ್ನು ಯಾವುದರಿಂದ ಭಾಗಿಸಬಹುದು? 2, 4, 8, 16, ಇಂಥವುಗಳಿಂದ ಮಾತ್ರ. 3ರಿಂದ ಆಗುವುದಿಲ್ಲ, 5ರಿಂದ ಆಗುವುದಿಲ್ಲ, ಬೇರೆ ಯಾವ ಬೆಸ ಸಂಖ್ಯೆಯಿಂದಲೂ ಆಗುವುದಿಲ್ಲ. ಎಷ್ಟು ಒಡೆದರೂ ಎರಡೇ ಎರಡು. ಒಂದು ಕಾಳು ತೆಗೆಯಿರಿ, ಈ ಏಳು ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ಮತ್ತು ತಮ್ಮನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗ ಹೋಗದವು, ಒಳಗಿಂದ ಹೊರಬರುತ್ತವೆ:

3 × 5 × 17 × 257 × 641 × 65537 × 6700417

ಏಳೂ ಬೇರೆ ಬೇರೆ, ಒಂದೂ ಎರಡು ಸಲ ಬಂದಿಲ್ಲ. ಇದನ್ನು ಮೊದಲ ಸಲ ನೋಡಿದಾಗ ನಾನು ಸುಮ್ನೆ ಕೂತು ಪೂರ್ತಿ ಗುಣಿಸಿ ನೋಡಿದ್ದೆ, ನಂಬಿಕೆ ಬರಲಿಲ್ಲ. 3 ಮತ್ತು 5 ಇರುವುದನ್ನು ಈಗಲೇ ಕಣ್ಣಲ್ಲೇ ನೋಡಬಹುದು. ಕೊನೆಯ ಅಂಕಿ 5, ಹಾಗಾಗಿ 5ರಿಂದ ಭಾಗ ಹೋಗುತ್ತದೆ. ಇಪ್ಪತ್ತೂ ಅಂಕಿ ಕೂಡಿದರೆ 87 ಬರುತ್ತದೆ, ಅದು 3ರ ಮಗ್ಗಿಯಲ್ಲಿದೆ, ಹಾಗಾಗಿ 3ರಿಂದಲೂ ಭಾಗ ಹೋಗುತ್ತದೆ. ಆದರೆ 257, 65537 ಇವೆಲ್ಲ ಎಲ್ಲಿಂದ ಬಂದವು?

ಅದಕ್ಕೆ ಅಡಿಕೆ ತೋಟಕ್ಕೆ ಹೋಗಬೇಕು. ಚೌಕಾಕಾರದ ಜಾಗದಲ್ಲಿ 16 ಸಾಲು, ಸಾಲಿಗೆ 16 ಸಸಿ ನೆಟ್ಟಿದ್ದೀರಿ ಅಂದುಕೊಳ್ಳಿ. ಒಟ್ಟು 256. ಈಗ ಕೊನೆಯ ಸಾಲಿನ 16 ಸಸಿಗಳನ್ನು ಕಿತ್ತು, ಉಳಿದ 15 ಸಾಲಿನ ತುದಿಗೆ ಒಂದೊಂದು ನೆಡಿ. ಪ್ರತಿ ಸಾಲಿನಲ್ಲೂ ಈಗ 17 ಸಸಿ. ಹದಿನೈದು ನೆಟ್ಟಾಯಿತು, ಕೈಯಲ್ಲಿ ಒಂದು ಸಸಿ ಉಳಿಯಿತು. ಅಂದರೆ 256ಕ್ಕೆ ಒಂದು ಕಮ್ಮಿ, 255, ಅದು 15 × 17. ನಮ್ಮ ಹುಡುಗಿ ಇದನ್ನು ಜಗಲಿಯಲ್ಲೇ ಅಡಿಕೆ ಇಟ್ಟು ನೋಡಿದಳು, 4 × 4 ಸಾಕಾಯಿತು: ಹದಿನಾರು ಅಡಿಕೆಯಲ್ಲಿ ಒಂದು ಕೈಯಲ್ಲಿ ಉಳಿಯಿತು, ನೆಲದ ಮೇಲೆ 3 × 5. “ಯಾವ ಚೌಕ ಆದ್ರೂ ಹೀಗೇನಾ?” ಎಂದಳು. ಯಾವ ಚೌಕ ಆದರೂ ಹೀಗೇ. ಚೌಕಕ್ಕೆ ಒಂದು ಕಮ್ಮಿ ಮಾಡಿದರೆ, ಬದಿಗಿಂತ ಒಂದು ಕಮ್ಮಿ ಗುಣಿಸು ಒಂದು ಜಾಸ್ತಿ.

ಈಗ 2ರ 64ನೇ ಘಾತವೂ ಒಂದು ಚೌಕ, ಅದರ ಬದಿ 2ರ 32ನೇ ಘಾತ, ಅಂದರೆ 4294967296. ಹಾಗಾಗಿ ನಮ್ಮ ಸಂಖ್ಯೆ 4294967295 × 4294967297. ಎಡಗಡೆಯದು ಯಾವುದು ಗುರುತು ಸಿಕ್ಕಿತಾ? ಅರ್ಧ ಬೋರ್ಡಿನ ಕಾಳು, ಒಂಬತ್ತು ಲಾರಿಯ ಅಕ್ಕಿ! ಅದೂ ಒಂದು ಚೌಕಕ್ಕೆ ಒಂದು ಕಮ್ಮಿ, ಅದನ್ನೂ ಒಡೆಯಬಹುದು: 65535 × 65537. ಇಲ್ಲೂ ಎಡಗಡೆಯದು ಎರಡು ಸಾಲಿನ ಕಾಳು. ಅದು 255 × 257. ಆ 255 ಮೊದಲ ಸಾಲು, ಬೋರ್ಡಿನ ಮೇಲೆ ಅವಳು ನಿಜವಾಗಿ ಇಟ್ಟಿದ್ದ ಕಾಳು. ಅದು 15 × 17, ಆ 15 ಮತ್ತೆ 3 × 5. ಅದೇ ಸಸಿ ಕೀಳುವ ಉಪಾಯವನ್ನು ಐದು ಸಲ ಮಾಡಿದ್ದಷ್ಟೇ. ಪ್ರತಿ ಸಲವೂ ಎಡಗಡೆಯದು ಮತ್ತೆ ಒಡೆಯುತ್ತದೆ, ಬಲಗಡೆ ಒಂದು ಹೊಸ ಸಂಖ್ಯೆ ಉಳಿಯುತ್ತದೆ: 5, 17, 257, 65537, 4294967297. ಇವುಗಳ ಮುಂದೆ 3 ಸೇರಿಸಿಕೊಂಡರೆ ಆರು ಸಂಖ್ಯೆಗಳ ಗುಣಲಬ್ಧ ನಮ್ಮದು.

ಈ ಆರು ಸಂಖ್ಯೆಗಳಿಗೆ ಫೆರ್ಮಾ ಸಂಖ್ಯೆಗಳು ಅಂತ ಹೆಸರು. 1640ರಲ್ಲಿ ಫ್ರಾನ್ಸಿನ ಪಿಯೆರ್ ದ ಫೆರ್ಮಾ ಇವುಗಳ ಬಗ್ಗೆ ತನ್ನ ಪತ್ರಗಳಲ್ಲಿ ಬರೆದ. ವೃತ್ತಿಯಲ್ಲಿ ಅವನು ನ್ಯಾಯಾಲಯದವನು, ಗಣಿತ ಅವನ ಪ್ರೀತಿ. 3, 5, 17, 257, 65537 ಎಲ್ಲವೂ ಅವಿಭಾಜ್ಯ. ಹಾಗಾದರೆ ಮುಂದಿನವೂ ಎಲ್ಲ ಅವಿಭಾಜ್ಯವೇ ಇರಬೇಕು ಎಂದು ಅವನು ನಂಬಿದ್ದ. ಸಾಧಿಸಿ ತೋರಿಸಲು ಆಗುತ್ತಿಲ್ಲ ಎಂದೂ ಒಪ್ಪಿಕೊಂಡಿದ್ದ. ಮುಂದಿನದು 4294967297. ಹತ್ತು ಅಂಕಿ. ಅದನ್ನು ಕೈಯಲ್ಲಿ ಪರೀಕ್ಷಿಸುವವರು ಯಾರು? ಸುಮಾರು ತೊಂಬತ್ತು ವರ್ಷ ಹಾಗೇ ಉಳಿಯಿತು. 1729ರ ಡಿಸೆಂಬರಿನಲ್ಲಿ ಗಣಿತಜ್ಞ ಕ್ರಿಶ್ಚಿಯನ್ ಗೋಲ್ಡ್‌ಬಾಖ್ ತನ್ನ ಗೆಳೆಯ ಲಿಯೊನಾರ್ಡ್ ಆಯ್ಲರ್‌ಗೆ ಒಂದು ಪತ್ರದಲ್ಲಿ, ಫೆರ್ಮಾ ಹೀಗಂದಿದ್ದಾನೆ, ನಿನಗೇನನ್ನಿಸುತ್ತದೆ ಅಂತ ಕೇಳಿದ. 1732ರಲ್ಲಿ ಆಯ್ಲರ್ ಉತ್ತರ ಕೊಟ್ಟ. ಅದು ಅವಿಭಾಜ್ಯ ಅಲ್ಲ, 641ರಿಂದ ಭಾಗ ಹೋಗುತ್ತದೆ.

641 ಸಿಕ್ಕಿದ್ದು ಅದೃಷ್ಟದಿಂದ ಅಲ್ಲ. 4294967297ನ್ನು ಭಾಗಿಸುವ ಅವಿಭಾಜ್ಯ ಏನಾದರೂ ಇದ್ದರೆ ಅದು 64ರ ಮಗ್ಗಿಗೆ ಒಂದು ಜಾಸ್ತಿ ಇರಲೇಬೇಕು ಎಂಬುದನ್ನು ಆಯ್ಲರ್ ಕಂಡುಕೊಂಡ, ಯಾಕೆ ಅನ್ನುವುದನ್ನು ಮುಂದೆ ಬಿಡಿಸಿ ಬರೆದ. ಅಂದರೆ 65, 129, 193, 257 ಹೀಗೆ. ಇವುಗಳಲ್ಲಿ ಅವಿಭಾಜ್ಯವಾದವನ್ನು ಮಾತ್ರ ಆರಿಸಿದರೆ 193, 257, 449, 577, 641. ಐದನೇ ಪ್ರಯತ್ನಕ್ಕೇ ಸಿಕ್ಕಿತು! ಎಲ್ಲ ಅವಿಭಾಜ್ಯಗಳಿಂದಲೂ ಭಾಗಿಸುತ್ತಾ ಹೋಗಿದ್ದರೆ ನೂರಕ್ಕೂ ಜಾಸ್ತಿ ಭಾಗಾಕಾರ ಆಗುತ್ತಿತ್ತು.

ಭಾಗಾಕಾರ ಮಾಡದೆಯೇ 641 ಸರಿ ಅಂತ ತೋರಿಸುವ ದಾರಿಯೂ ಇದೆ, ಈ ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದೇ. ಸ್ವಲ್ಪ ನಿಧಾನವಾಗಿ ಓದಿ. 641ರಲ್ಲಿ ಎರಡು ಗುಟ್ಟಿದೆ. ಒಂದು, ಅದು 640ಕ್ಕಿಂತ ಒಂದು ಜಾಸ್ತಿ, ಮತ್ತು 640 ಅಂದರೆ 5 × 128. ಎರಡು, ಅದು 625 + 16, ಅಂದರೆ 5ರ 4ನೇ ಘಾತ ಮತ್ತು 2ರ 4ನೇ ಘಾತ ಸೇರಿದ್ದು.

ಮೊದಲು 640ರ 4ನೇ ಘಾತ ತೆಗೆದುಕೊಳ್ಳಿ. ಅದು ಒಂದು ಚೌಕ. ಅದರಿಂದ ಒಂದು ಕಮ್ಮಿ ಮಾಡಿದರೆ ಅಡಿಕೆ ಸಸಿಯ ಉಪಾಯದಂತೆ ಒಡೆಯುತ್ತದೆ. ಒಡೆದ ಎಡಭಾಗವನ್ನು ಮತ್ತೊಮ್ಮೆ ಒಡೆದರೆ 639 × 641 ಸಿಗುತ್ತದೆ. ಒಳಗೆ 641 ಬಂತು. ಅಂದರೆ “640ರ 4ನೇ ಘಾತಕ್ಕೆ ಒಂದು ಕಮ್ಮಿ” 641ರಿಂದ ಪೂರ್ತಿ ಭಾಗ ಹೋಗುತ್ತದೆ. ಇದನ್ನು ಒಂದು ಕಡೆ ಇಟ್ಟುಕೊಳ್ಳಿ.

ಈಗ ಅದೇ 640ರ 4ನೇ ಘಾತವನ್ನು ಬೇರೆ ರೀತಿ ಬರೆಯಿರಿ. 640 ಅಂದರೆ 5 × 128 ಆದ್ದರಿಂದ ಅದು 625 × 2ರ 28ನೇ ಘಾತ. ಅದಕ್ಕೆ 16 × 2ರ 28ನೇ ಘಾತ ಸೇರಿಸಿದರೆ? 625ಕ್ಕೆ 16 ಸೇರಿ 641 ಆಗುತ್ತದೆ, ಹಾಗಾಗಿ ಮೊತ್ತವೂ 641ರಿಂದ ಪೂರ್ತಿ ಭಾಗ ಹೋಗುತ್ತದೆ. ಆದರೆ ನಾವು ಸೇರಿಸಿದ್ದು, 16 × 2ರ 28ನೇ ಘಾತ, ಅದು 2ರ 32ನೇ ಘಾತವೇ. ಈಗ ಎರಡು ಸಂಖ್ಯೆ ಕೈಯಲ್ಲಿದೆ, ಎರಡೂ 641ರಿಂದ ಭಾಗ ಹೋಗುತ್ತವೆ. ದೊಡ್ಡದು 640ರ 4ನೇ ಘಾತ ಮತ್ತು 2ರ 32ನೇ ಘಾತ ಸೇರಿದ್ದು. ಚಿಕ್ಕದು 640ರ 4ನೇ ಘಾತಕ್ಕೆ ಒಂದು ಕಮ್ಮಿ. ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. 640ರ ಘಾತ ಹೊರಟುಹೋಯಿತು, ಉಳಿದದ್ದು 2ರ 32ನೇ ಘಾತಕ್ಕೆ ಒಂದು ಜಾಸ್ತಿ. ಅಂದರೆ 4294967297. ಅದೂ 641ರಿಂದ ಭಾಗ ಹೋಗಲೇಬೇಕು.

ಎಷ್ಟು ಚೆನ್ನಾಗಿದೆ, ಅಲ್ವಾ? ಭಾಗಿಸಿದರೆ ಬರುವುದು 6700417, ಅದು ಅವಿಭಾಜ್ಯ. ಮೊಬೈಲಿನಲ್ಲಿ 6700417ನ್ನು 641ರಿಂದ ಗುಣಿಸಿ ನೋಡಿ, ಹತ್ತೇ ಅಂಕಿ, ಅಕ್ಷರ ಬರುವುದಿಲ್ಲ. ಹೀಗೆ ಆರು ಇದ್ದದ್ದು ಏಳಾಯಿತು.

ಏಳೂ ಬೇರೆ ಬೇರೆ ಇರುವುದಕ್ಕೂ ಕಾರಣ ಇದೆ. 3 × 5 = 15, ಎರಡು ಸೇರಿಸಿದರೆ 17. 3 × 5 × 17 = 255, ಎರಡು ಸೇರಿಸಿದರೆ 257. ಪ್ರತಿ ಫೆರ್ಮಾ ಸಂಖ್ಯೆಯೂ ಅದರ ಹಿಂದಿನವೆಲ್ಲವನ್ನೂ ಗುಣಿಸಿ ಎರಡು ಸೇರಿಸಿದ್ದು. ಯಾವುದಾದರೂ ಅವಿಭಾಜ್ಯ ಹಿಂದಿನದನ್ನೂ ಇದನ್ನೂ ಎರಡನ್ನೂ ಭಾಗಿಸಿದರೆ ಅದು ಕೊನೆಗೆ ಸೇರಿಸಿದ ಆ 2ನ್ನೂ ಭಾಗಿಸಬೇಕು. ಇವೆಲ್ಲ ಬೆಸ ಸಂಖ್ಯೆಗಳು, ಹಾಗಾಗಿ ಅದು ಸಾಧ್ಯವೇ ಇಲ್ಲ. ಫೆರ್ಮಾ ಸಂಖ್ಯೆಗಳಿಗೆ ಕೊನೆಯಿಲ್ಲ, ಒಂದೊಂದರೊಳಗೂ ಹೊಸ ಅವಿಭಾಜ್ಯ ಇರಲೇಬೇಕು, ಆದ್ದರಿಂದ ಅವಿಭಾಜ್ಯಗಳಿಗೂ ಕೊನೆಯಿಲ್ಲ. 1730ರಲ್ಲಿ ಗೋಲ್ಡ್‌ಬಾಖ್ ಇದನ್ನೂ ಆಯ್ಲರ್‌ಗೆ ಪತ್ರದಲ್ಲೇ ಬರೆದು ಕಳಿಸಿದ.

ಏಳು ಬೇರೆ ಬೇರೆ ಅವಿಭಾಜ್ಯ ಇದ್ದರೆ ಒಟ್ಟು ಎಷ್ಟು ಸಂಖ್ಯೆಗಳು ಇದನ್ನು ಭಾಗಿಸುತ್ತವೆ? ಪ್ರತಿಯೊಂದನ್ನೂ ಸೇರಿಸಿಕೊಳ್ಳಬಹುದು ಅಥವಾ ಬಿಡಬಹುದು, ಹಾಗಾಗಿ ಎರಡನ್ನು ಏಳು ಸಲ ಗುಣಿಸಬೇಕು, 128. ಬೋರ್ಡಿನ ಎಂಟನೇ ಮನೆಯಿಂದ ಚೆಲ್ಲಿದ ಕಾಳೂ 128 ಅಂತ ತಕ್ಷಣ ಹೇಳಿದ್ದು ಅವಳೇ. ಒಂದು ಕಾಳು ಜಾಸ್ತಿ ಇದ್ದಾಗ ಭಾಗಿಸುವ ಸಂಖ್ಯೆಗಳು 65 ಮಾತ್ರ: 64 ಮನೆಯ ಕಾಳಿನ ಲೆಕ್ಕಗಳು, ಮತ್ತೆ ಆ ಸಂಖ್ಯೆ ತಾನೇ.

ಈ ಅವಿಭಾಜ್ಯಗಳು ರಂಗೋಲಿ ಹಾಕುವವರಿಗೂ ಸಂಬಂಧಪಟ್ಟವು. ಬರೀ ಕೈವಾರ ಮತ್ತು ಗುರುತಿಲ್ಲದ ಪಟ್ಟಿ ಹಿಡಿದು ಬದಿಯೂ ಕೋನವೂ ಸಮವಾದ ಮೂರು ಮೂಲೆ, ಐದು ಮೂಲೆಯ ಆಕೃತಿ ಎಳೆಯಬಹುದು, ಏಳು ಮೂಲೆಯದು ಆಗುವುದಿಲ್ಲ. 1796ರಲ್ಲಿ ಇನ್ನೂ 19 ತುಂಬದ ಗಣಿತಜ್ಞ ಗೌಸ್ 17 ಮೂಲೆಯದು ಆಗುತ್ತದೆ ಎಂದು ತೋರಿಸಿದ. ನಮಗೆ ಗೊತ್ತಿರುವ ಮಟ್ಟಿಗೆ ಹೀಗೆ ಎಳೆಯಬಹುದಾದ ಬೆಸ ಮೂಲೆಯ ಆಕೃತಿಗಳು 31. ಆ 31 ಯಾವುವು ಅಂದರೆ ಅರ್ಧ ಬೋರ್ಡಿನ 4294967295ನ್ನು ಭಾಗಿಸುವ ಸಂಖ್ಯೆಗಳು, 1 ಬಿಟ್ಟು. ಜರ್ಮನಿಯ ಯೋಹಾನ್ ಗುಸ್ತಾವ್ ಹೆರ್ಮೆಸ್ 65537 ಮೂಲೆಯದನ್ನು ಎಳೆಯುವ ಕ್ರಮವನ್ನು ಬರೆಯಲು ಹತ್ತು ವರ್ಷ ಕೂತಿದ್ದ. ಆ ಕೈಬರಹ ಈಗಲೂ ಗಟ್ಟಿಂಗೆನ್‌ನಲ್ಲಿದೆ.

ಇದೇ 20 ಅಂಕಿ ಬೇರೆ ಕಡೆಯೂ ಎದುರಾಗುತ್ತದೆ. 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎದುವಾರ್ ಲ್ಯೂಕಾ ಹನೋಯ್ ಗೋಪುರದ ಆಟ ತಂದ. ಮೂರು ಕಡ್ಡಿ, ಅದರ ಜೊತೆಗಿನ ಕಥೆಯಲ್ಲಿ 64 ಬಿಲ್ಲೆ, ಒಂದೊಂದಾಗಿ ಎತ್ತಿ ಎಲ್ಲವನ್ನೂ ಇನ್ನೊಂದು ಕಡ್ಡಿಗೆ ಸಾಗಿಸಬೇಕು, ಚಿಕ್ಕದರ ಮೇಲೆ ದೊಡ್ಡದು ಇಡುವಂತಿಲ್ಲ. ಒಂದು ಬಿಲ್ಲೆ ಜಾಸ್ತಿಯಾದರೆ ಹಿಂದಿನಷ್ಟೇ ಕೆಲಸ ಎರಡು ಸಲ, ಮೇಲೆ ಒಂದು ನಡೆ. 1, 3, 7, 15, ಹೀಗೆ 64ಕ್ಕೆ ಬಂದರೆ ಅದೇ ಸಂಖ್ಯೆ. ಸೆಕೆಂಡಿಗೆ ಒಂದು ನಡೆಯಂತೆ ಸುಮಾರು 58,500 ಕೋಟಿ ವರ್ಷ. ವಿಶ್ವಕ್ಕೆ ಈಗ ಸುಮಾರು 1,380 ಕೋಟಿ ವರ್ಷ. ಇನ್ನು ಮೊಬೈಲಿನ ಒಳಗೆ 64 ಬಿಟ್ಟಿನ ಒಂದು ಜಾಗವನ್ನು 64 ಬಲ್ಬಿನ ಸಾಲು ಅಂದುಕೊಳ್ಳಿ, ಒಂದೊಂದು ಬಲ್ಬಿಗೂ ಬೋರ್ಡಿನ ಒಂದೊಂದು ಮನೆಯ ಬೆಲೆ. ಎಲ್ಲ ಬಲ್ಬೂ ಹತ್ತಿದರೆ ಅದು ಈ ಸಂಖ್ಯೆಯೇ. ಅವಳ ಕ್ಯಾಲ್ಕುಲೇಟರ್ ಪರದೆಯ ಮೇಲೆ ತೋರಿಸಲಾರದ ಸಂಖ್ಯೆ ಅಂಥ ಒಂದು ಜಾಗದಲ್ಲಿ ಸರಿಯಾಗಿ ಹಿಡಿಸುತ್ತದೆ, ಒಂದು ಕಾಳೂ ಜಾಸ್ತಿ ಹಿಡಿಸುವುದಿಲ್ಲ.

ಸಂಜೆ ಕರೆಂಟ್ ಬರುವ ಹೊತ್ತಿಗೆ ಅವಳು ಕ್ಯಾಲೆಂಡರ್ ಹಾಳೆಯ ಮೂಲೆಯಲ್ಲಿ ಇನ್ನೊಂದು ಬರೆದಿಟ್ಟಿದ್ದಳು. “ಎಲ್ಲಾ ಗುಣಿಸಿ ಎರಡು ಸೇರಿಸಿದ್ರೆ ಮುಂದಿನದು ಬರುತ್ತೆ ಅಂದ್ಯಲ್ಲ. ಹಾಗಾದ್ರೆ ಕೊನೇಲಿ 617.” ಸರಿಯಾಗಿತ್ತು. 18446744073709551617 ಮುಂದಿನ ಫೆರ್ಮಾ ಸಂಖ್ಯೆ. ಅದೂ ಅವಿಭಾಜ್ಯ ಅಲ್ಲ, 274177 × 67280421310721. ಅದನ್ನು 1880ರಲ್ಲಿ ಒಡೆದು ಪ್ರಕಟಿಸಿದವನು ಫ್ರಾನ್ಸಿನ ಫೊರ್ತುನೆ ಲಾಂದ್ರಿ, ಆಗ ಅವನಿಗೆ 82 ವರ್ಷ. ಅದರ ಮುಂದಿನದು 39 ಅಂಕಿಯದು, 1970ರಲ್ಲಿ ಮಾರಿಸನ್ ಮತ್ತು ಬ್ರಿಲ್‌ಹಾರ್ಟ್ ಕಂಪ್ಯೂಟರ್ ಹಿಡಿದು ಒಡೆದರು. 65537ರ ನಂತರ ಅವಿಭಾಜ್ಯವಾದ ಫೆರ್ಮಾ ಸಂಖ್ಯೆ ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ. 3ಕ್ಕೆ ಸೊನ್ನೆ ಅಂತ ಕ್ರಮಸಂಖ್ಯೆ ಕೊಟ್ಟು ಎಣಿಸಿದರೆ 5ರಿಂದ 32ರ ತನಕ ಎಲ್ಲವೂ ಒಡೆಯುತ್ತವೆ ಅಂತ ಗೊತ್ತಾಗಿದೆ. 33ನೆಯದು ಒಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅದನ್ನು ಬರೆಯಲು 258 ಕೋಟಿಗೂ ಜಾಸ್ತಿ ಅಂಕಿ ಬೇಕು.

“ಕ್ಯಾಲೆಂಡರ್ ಹಾಳೆ ಸಾಲಲ್ಲ” ಅಂದಳು, ಬೋರ್ಡಿನ ಮೇಲಿನ ಅಕ್ಕಿಯನ್ನು ಸೇರಿಗೆ ಬಳಿಯುತ್ತಾ.